ಬಣ್ಣ ಹಿಡಿಯದ ರಕ್ತ

ಕಳೆದ ತಿಂಗಳು ಜಮಖಂಡಿ ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿಯವನು ಬರ್ಫದ ದಿಮ್ಮಿಯ ಮೇಲಿನ ಗೋಣಿತಾಟು ಸರಿಸಿದ. ಒದ್ದೆ ಗೋಣಿ, ಕಟ್ಟಿಗೆ ಹೊಟ್ಟು, ತಣ್ಣನೆಯ ಕಬ್ಬಿಣ, ಮೂರೂ ಕೂಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ಗ್ಲಾಸಿಗೆ ಚಾಚಿದ ಕೈ ಹಾಗೇ ನಿಂತಿತು.

"ಯಾಕ್ರಿ ಕಾಕಾ, ಬರ್ಫ ಹಾಕೂದು ಬ್ಯಾಡೇನ್ರಿ?"

"ಬ್ಯಾಡಪಾ" ಎಂದೆ. ಆದರೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಆಲಮಟ್ಟಿಯ ಹಿನ್ನೀರು ಬಂದು ಎರಡು ಮಳೆಗಾಲ ಕಳೆದಿದ್ದ ಆ ಶ್ರಾವಣ ಪೂರ್ತಿಯಾಗಿ ಕಣ್ಣ ಮುಂದೆ ಬಂದು ಕೂತಿತು.

ನಾನು ಬನಹಟ್ಟಿಯಲ್ಲಿ ಪವರ್‌ಲೂಮಿನ ಜಾಬರ್. ಮಗ್ಗ ಕೆಟ್ಟರೆ ಕರೆಯುವುದು ನನ್ನನ್ನು. ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ನಮ್ಮಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಅವನ ಹಂಡೆಯ ಪಕ್ಕ ನಿಂತು ಬಣ್ಣ ಕಲಿತೆ, ಆಮೇಲೆ ಮಗ್ಗ ಕಲಿತೆ. ಯಾವುದನ್ನೂ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಸದ್ದು ಕೇಳಿಯೇ ಯಾವ ಮಗ್ಗದ ಯಾವ ನಟ್ಟು ಸಡಿಲಾಗಿದೆ ಎಂದು ಹೇಳಬಲ್ಲೆ. ಮನೆ ಭಾಗ ಮಾಡಿಕೊಳ್ಳುವಾಗ ರಬಕವಿಯಲ್ಲಿರುವ ನಮ್ಮಣ್ಣ ನಾಲ್ಕು ಜನರ ಮುಂದೆ, "ಸಾಲಿ ಬಿಟ್ಟ ಮಗಾ ನೀ, ಕಾಗದಪತ್ರ ನಿನಗೇನ್ ತಿಳಿತೈತಿ, ಸುಮ್ನ ಹೆಬ್ಬಟ್ಟ ಒತ್ತು" ಎಂದಿದ್ದ. ನಾನು ಸಹಿ ಮಾಡಿ ಎದ್ದು ಬಂದೆ. ಅಂದಿನಿಂದ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ತಿರ ಕೇಳುವುದನ್ನೂ ಅಂದಿಗೇ ಬಿಟ್ಟೆ.

ಮನೆಯಲ್ಲಿ ನಾವಿಬ್ಬರೇ. ನಾನು, ನನ್ನ ಹೆಂಡತಿ ಮಹಾದೇವಿ. ಮಕ್ಕಳಾಗಲಿಲ್ಲ. ಅವಳ ತವರು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಊರು. ಆ ಊರು ನೀರಿನಲ್ಲಿ ಹೋದ ಮೇಲೆ ಅವಳ ಕಡೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಹಬ್ಬಕ್ಕೆ ಕರೆಯಲು ಬರುವವರೂ ಇರಲಿಲ್ಲ.

ಆ ಶ್ರಾವಣದಲ್ಲಿ ಅವಳಿಗೆ ಜ್ವರ ಹಿಡಿಯಿತು. ಸಂಜೆಯಾದರೆ ನಡುಕ, ಬೆಳಗಾದರೆ ಮೈಯೆಲ್ಲ ಬೆವರು. ಊರಿನ ಡಾಕ್ಟರರ ಗುಳಿಗೆ, ಸೂಜಿ ಎಲ್ಲ ಮುಗಿದ ಮೇಲೆ ಜಮಖಂಡಿಯ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆ. ರಕ್ತ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ಮಲ್ಲಪ್ಪಾ, ಬಿಳಿ ಕಣ ವಿಪರೀತ ಏರ್ಯಾವ. ಎರಡ ಕಾರಣ ಇರಬಹುದು. ಒಂದು, ಮೈಯಾಗ ಎಲ್ಲೋ ಕೀವು ಕಟ್ಟಿರಬೇಕು. ಅದರ ಜೋಡಿ ಬಡದಾಡಾಕ ಕಣ ಹೆಚ್ಚಾಗ್ಯಾವ. ಹಂಗಿದ್ರ ವಾಸಿ ಆಗತಾಳ. ಇನ್ನೊಂದು..." ಅವರು ಕನ್ನಡಕ ತೆಗೆದರು. "ಇನ್ನೊಂದು ರಕ್ತದ ಕ್ಯಾನ್ಸರ್. ಯಾವುದು ಅಂತ ತಿಳಿಬೇಕಂದ್ರ ಒಂದು ಪರೀಕ್ಷಾ ಐತಿ. ಅದು ಇಲ್ಲಿ ಆಗೂದಿಲ್ಲ, ಮಿರಜಕ್ಕ ಕಳಿಸಬೇಕು. ಆಕೀನ್ನ ಬಸ್ಸಿನ್ಯಾಗ ಒಯ್ಯೂ ಪರಿಸ್ಥಿತಿ ಇಲ್ಲ. ಬೆರಳಿನ ರಕ್ತಾ ಗಾಜಿನ ಮ್ಯಾಲೆ ತಗದು ಕೊಡತೀವಿ. ನೀವ ಒಯ್ರಿ."

ಪರೀಕ್ಷೆಯನ್ನು ನನಗೆ ಬಿಡಿಸಿ ಹೇಳಿದವನು ದವಾಖಾನೆಯ ಲ್ಯಾಬಿನ ಇರ್ಫಾನ್. ಮಹಾದೇವಿಯ ಬೆರಳು ಚುಚ್ಚಿ, ಒಂದೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆಯುತ್ತ ಹೇಳಿದ: "ಬಿಳಿ ಕಣದ ಒಳಗ ಒಂದು ಕಿಣ್ವ ಇರತೈತ್ರಿ ಮಲ್ಲಪ್ಪಣ್ಣಾ. ಮಿರಜದಾಗ ಇದರ ಮ್ಯಾಲೆ ಬಣ್ಣ ಹಾಕ್ತಾರ. ಕಿಣ್ವ ಇದ್ದ ಕಣ ಬಣ್ಣ ಹಿಡಿತೈತಿ, ಇಲ್ಲದ್ದು ಹಂಗ ಉಳಿತೈತಿ. ನೂರು ಕಣ ಎಣಿಸಿ, ಎಷ್ಟೆಷ್ಟು ಬಣ್ಣ ಬಂತು ನೋಡಿ ಒಂದೊಂದಕ್ಕ ಸೊನ್ನಿಯಿಂದ ನಾಕರ ತನಕಾ ಮಾರ್ಕು ಹಾಕಿ ಕೂಡಸ್ತಾರ. ಮಾರ್ಕು ಭಾಳ ಬಂದ್ರ ಕೀವು ಅಂತ ಅರ್ಥ. ಕಡಿಮಿ ಬಂದ್ರ..." ಅವನು ಮುಂದಿನ ಗಾಜು ಎತ್ತಿಕೊಂಡ. ನಾನು ಕೇಳಲಿಲ್ಲ.

ನನಗೆ ಎಲ್ಲ ತಿಳಿದಂತಾಯಿತು. ಬಣ್ಣ ಹಿಡಿದರೆ ಬದುಕು. ಹಿಡಿಯದಿದ್ದರೆ ಇಲ್ಲ. ಬಣ್ಣದ ಮಾತು ನನಗೆ ಇನ್ನೊಬ್ಬರು ಹೇಳಬೇಕೇ?

ಇರ್ಫಾನ್ ಗಾಜುಗಳನ್ನು ಸಣ್ಣ ಡಬ್ಬಿಯಲ್ಲಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಗಲ ಬಾಯಿಯ ಥರ್ಮಾಸಿನಲ್ಲಿ ಬರ್ಫದ ನಡುವೆ ಹುಗಿದ. ಬರ್ಫ ತಂದವನು ನಾನೇ, ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ. ಒಂದು ಚೀಟಿಯನ್ನೂ ಬರೆದುಕೊಟ್ಟ: ಬರ್ಫದಿಂದ ತೆಗೆಯಬಾರದು, ಬಿಸಿ ತಾಗಬಾರದು, ಬೇಗ ಮುಟ್ಟಿಸಬೇಕು. "ಓದಾಕ ಬರತೈತಲ್ಲಣ್ಣಾ?" ಎಂದು ಕೇಳಿದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ನನಗೆ ಅಣ್ಣನ ದನಿ ಕೇಳಿಸಿತು. ಚೀಟಿಯನ್ನು ನೋಡದೆ ಮಡಚಿ ಜೇಬಿಗೆ ಹಾಕಿದೆ.

ಅಂದು ಜಡಿಮಳೆ. ಅಥಣಿಯ ಮೇಲೆ ಹೋಗುವ ಮಿರಜ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಸಿಕ್ಕಿತು. ಸೇತುವೆ ದಾಟುವಾಗ ಕೃಷ್ಣೆ ಕೆಂಪಗೆ, ದಂಡೆ ಮೀರಿ, ಹೊಲಗಳ ಬದುವಿನವರೆಗೆ ಬಂದಿದ್ದಳು. ತೊಡೆಯ ಮೇಲೆ ಥರ್ಮಾಸು ಹಿಡಿದು ಕೂತಿದ್ದೆ. ಅಥಣಿ ಹತ್ತಿರ ಬಂದಾಗ ಮುಚ್ಚಳ ತೆಗೆದು ನೋಡಿದೆ. ಅರ್ಧ ಬರ್ಫ ಕರಗಿತ್ತು. ಪ್ಲಾಸ್ಟಿಕ್ ಚೀಲದೊಳಗೆ ನೀರು ಜಿನುಗಿತ್ತು, ಡಬ್ಬಿಯ ಮೂಲೆ ಒದ್ದೆಯಾಗಿತ್ತು.

ನಮ್ಮಲ್ಲಿ ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯ ನೂಲು ಉಂಟು. ಒದ್ದೆಯಾದರೆ ಅದರ ಕಸುವೇ ಹೋಗುತ್ತದೆ, ಮುಟ್ಟಿದರೆ ಹರಿಯುತ್ತದೆ. ಮಳೆಯಲ್ಲಿ ಸೈಕಲ್ ಮೇಲೆ ತರುವಾಗ ಅಂಗಿಯೊಳಗೆ, ಎದೆಗೆ ಒತ್ತಿಕೊಂಡು ತರುತ್ತೇವೆ. ಇನ್ನು ಬಣ್ಣದ ಮಾತು. ತಣ್ಣನೆಯ ನೂಲು ಬಣ್ಣ ಕುಡಿಯುವುದಿಲ್ಲ. ಹಂಡೆಗೆ ಇಳಿಸುವ ಮೊದಲು ನೂಲನ್ನು ಬಿಸಿನೀರಿನಲ್ಲಿ ನೆನೆಸದಿದ್ದರೆ ನಮ್ಮಪ್ಪ ಬೈಯುತ್ತಿದ್ದ. ತಣ್ಣಗೆ ಹಾಕಿದ ನೂಲು ಅಲ್ಲಲ್ಲಿ ಬಿಳಿ ಬಿಳಿ ಉಳಿಯುತ್ತಿತ್ತು.

ಬರ್ಫದಲ್ಲಿ ಇಟ್ಟ ರಕ್ತ ಬಣ್ಣ ಹೇಗೆ ಹಿಡಿದೀತು ಎಂದು ಆಗ ನನಗೆ ಅನಿಸಿತು. ಆ ಹುಡುಗ ಪುಸ್ತಕ ಓದಿದವನು, ಬಣ್ಣದ ಹಂಡೆ ನೋಡಿದವನಲ್ಲ. ಡಬ್ಬಿ ತೆಗೆದೆ. ಪಂಚೆಯ ಚುಂಗಿನಿಂದ ಗಾಜುಗಳ ಅಂಚು ಒರೆಸಿದೆ. ಡ್ರೈವರ್ ಪಕ್ಕದ ಇಂಜಿನ್ನಿನ ಬಾನೆಟ್ಟು ಕಾದು ಬೆಚ್ಚಗಿತ್ತು. ಅದರ ಮೇಲೆ ಟವೆಲ್ ಹಾಸಿ ಡಬ್ಬಿಯನ್ನಿಟ್ಟು, ಉರುಳದಂತೆ ಕೈ ಅಡ್ಡ ಹಿಡಿದು ಕೂತೆ.

"ಏನ್ರೀ ಅದು, ಊಟದ ಡಬ್ಬಿ ಕಾಸಾಕತ್ತೀರೇನು?" ಡ್ರೈವರ್ ನಕ್ಕ.

"ಔಷಧ ಐತ್ರಿ" ಎಂದೆ.

ಕಾಗವಾಡ ದಾಟುವವರೆಗೆ ಹಾಗೇ ಕೂತಿದ್ದೆ. ಕೈ ಬೆಚ್ಚಗಿತ್ತು. ಅವಳ ಪ್ರಾಣವನ್ನೇ ಅಂಗೈಯಲ್ಲಿ ಕಾಪಾಡಿ ತರುತ್ತಿದ್ದೇನೆ ಎಂಬ ಒಂದು ಹೆಮ್ಮೆ.

ಮಿರಜದಲ್ಲಿ ಇಳಿದ ಮೇಲೆ ಡಬ್ಬಿಯನ್ನು ಚೀಲದಲ್ಲಿ ಬಿಗಿಯಾಗಿ ಸುತ್ತಿ ಮತ್ತೆ ಥರ್ಮಾಸಿನ ನೀರಿನಲ್ಲಿ ಮುಳುಗಿಸಿದೆ. ಯಾಕೆ? ಯಾರೂ ನನಗೆ ಬುದ್ಧಿ ಹೇಳದಿರಲಿ ಎಂದು. ಲ್ಯಾಬಿನ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಮರಾಠಿಯಲ್ಲಿ, "ಬರ್ಫಾತಚ್ ಹೋತಾ ನಾ?" ಎಂದು ಕೇಳಿದಳು. ಬರ್ಫದಲ್ಲೇ ಇತ್ತಲ್ಲವೇ ಎಂದು.

"ಹೋಯ್, ಹೋಯ್" ಎಂದೆ. ಹೌದು, ಹೌದು ಎಂದು.

ಮರುದಿನ ಕಾಗದ ಬಂತು. ಮಾರ್ಕು ಆರು. ಡಾಕ್ಟರು ಅದನ್ನು ಎರಡು ಸಲ ಓದಿ ಮತ್ತೆ ನನ್ನನ್ನು ಹೊರಗೆ ಕರೆದರು. "ಕಡಿಮಿ ಬಂದೈತಿ. ಮನಿಯವರಿಗೆ ಹೇಳ್ರಿ ಮಲ್ಲಪ್ಪಾ, ಅಣ್ಣತಮ್ಮರಿಗೆ ಹೇಳ್ರಿ. ಮುಂದ ಬೆಂಗಳೂರಿಗೆ ಒಯ್ಯೂದಾಗಬಹುದು. ಒಬ್ಬರ ಕೈಲಿ ಆಗೂ ಕೆಲಸಲ್ಲ."

"ಹೂಂ" ಎಂದೆ. ಯಾರಿಗೂ ಹೇಳಲಿಲ್ಲ.

ಒಂಬತ್ತು ದಿನ. ಬೆಳಿಗ್ಗೆ ಬನಹಟ್ಟಿಯಲ್ಲಿ ಮಗ್ಗ, ಮಧ್ಯಾಹ್ನದ ಬಸ್ಸಿಗೆ ಜಮಖಂಡಿ, ಕತ್ತಲಾಗುವ ಮೊದಲು ವಾಪಸ್ಸು. ನೂರು ಮಗ್ಗಗಳ ಸದ್ದಿನ ನಡುವೆ ನಿಂತಿದ್ದಾಗ ಎಷ್ಟೋ ನೆಮ್ಮದಿ, ಯಾರ ಮಾತೂ ಕೇಳಿಸುವುದಿಲ್ಲ. ಮನೆಗೆ ಬಂದರೆ ಅವಳು ಕಂಡಿಕೆಗೆ ನೂಲು ಸುತ್ತುವ ರಾಟಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ಖಾನಾವಳಿಯ ರೊಟ್ಟಿಯನ್ನು ಕಾಗದದಿಂದ ಬಿಡಿಸಿ, ನಿಂತುಕೊಂಡೇ ತಿನ್ನುತ್ತಿದ್ದೆ. ಕೂತು ಉಣ್ಣಬೇಕಾದರೆ ಎದುರಿಗೆ ಒಬ್ಬರು ಬೇಕು. ಓಣಿಯವರು ಕೇಳಿದರೆ, "ಛಲೋ ಐತ್ರಿ, ಇಳಿಯಾಕತ್ತೈತಿ" ಎನ್ನುತ್ತಿದ್ದೆ. ಒಂದು ದಿನ ಬಸ್ಸು ಬನಹಟ್ಟಿ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಕಿಟಕಿಯಿಂದ ಅಣ್ಣ ಕಂಡ, ಚಹಾದ ಅಂಗಡಿಯ ಮುಂದೆ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಯಿ ತೆರೆದೆ. ಬಸ್ಸು ಹೊರಟಿತು.

ದವಾಖಾನೆಯಲ್ಲಿ ಮಹಾದೇವಿ ದಿನದಿನಕ್ಕೆ ಕರಗುತ್ತಿದ್ದಳು. "ಮಿರಜದವರು ಏನಂದ್ರರಿ?" ಎಂದು ಮೊದಲ ದಿನವೇ ಕೇಳಿದ್ದಳು.

"ಏನಿಲ್ಲ. ರಕ್ತಾ ಕಡಿಮಿ ಐತಿ ಅಂದ್ರು."

ಅವಳು ಮತ್ತೆ ಕೇಳಲಿಲ್ಲ. ನಾನು ಅವಳ ಕಾಲ ಕಡೆಯ ಸ್ಟೂಲಿನ ಮೇಲೆ ಕೂತು ಕಿಟಕಿಯ ಆಚೆಯ ಮಳೆ ನೋಡುತ್ತಿದ್ದೆ. ಮುಖ ನೋಡಿದರೆ ನನ್ನ ಮುಖ ಎಲ್ಲ ಹೇಳಿಬಿಡುತ್ತದೆ ಎಂಬ ಭಯ. ಪಕ್ಕದ ಮಂಚದಲ್ಲಿ ಯಲ್ಲವ್ವ ಎಂಬ ಮುದುಕಿ ಇದ್ದಳು. ಕುರಿ ಕಾಯುವ ಮನೆತನ. ಸಾಕಿದ ಟಗರೇ ಹಾಯ್ದು ಕಾಲು ಮುರಿದುಕೊಂಡು ಬಂದವಳು. ಹಣೆಯ ತುಂಬ ಬೀರಪ್ಪ ದೇವರ ಅರಿಶಿನ, ಭಂಡಾರ. ಬಾಯಿಗೆ ಬಿಡುವಿಲ್ಲ.

"ಏ ತಮ್ಮಾ" ಎಂದು ಒಂದು ದಿನ ಕೂಗಿದಳು. "ಹೇಣ್ತಿ ಮುಖಾ ನೋಡಾಕ ತಿಕೀಟು ತಗಸಬೇಕೇನೋ? ಬಂದಾಗಿಂದ ಆ ಕಿಟಕಿನ್ನೇ ನೋಡಾಕತ್ತೀ. ಅದರ ಜೋಡಿ ಮದವಿ ಆಗೀಯೇನು?"

ವಾರ್ಡಿನ ಹೆಂಗಸರೆಲ್ಲ ನಕ್ಕರು. ಮಹಾದೇವಿ ನಗಲಿಲ್ಲ. "ಇರ್ಲಿ ಬಿಡಬೇ ಯವ್ವಾ, ಅವರಿಗೂ ದಣಿವಾಗಿರತೈತಿ" ಎಂದು ಗೋಡೆಯ ಕಡೆ ಮಗ್ಗುಲು ತಿರುಗಿದಳು.

ಎಂಟನೇ ದಿನ ಡಾಕ್ಟರು ಫೈಲು ಮಡಚಿ ನನ್ನನ್ನು ನೋಡಿದರು. "ರಿಪೋರ್ಟಿಗೂ ಆಕೀಗೂ ಹೊಂದವಲ್ಲದು. ಈ ಥರದ ಕ್ಯಾನ್ಸರಿನ್ಯಾಗ ಗುಲ್ಮ ಉಬ್ಬಿರತೈತಿ, ಈಕೀದು ಇಲ್ಲ. ಜ್ವರದ ರೀತೀನೂ ಬ್ಯಾರೆ. ಆ ಗಾಜು ಬರ್ಫದಾಗ ಇದ್ದೂ ಹೌದಲ್ಲೊ?"

"ಹೌದ್ರಿ."

"ದಾರ್ಯಾಗ ತಗದಿಲ್ಲಲಾ?"

"ಇಲ್ರಿ."

"ಹಂಗಾದ್ರ ರಿಪೋರ್ಟ್ ನಂಬಬೇಕಾತು. ನಾಡದು ಬೆಂಗಳೂರಿಗೆ ಚೀಟಿ ಬರದುಕೊಡತೇನಿ. ಅಲ್ಲಿ ಕ್ಯಾನ್ಸರಿನ ಔಷಧ ಶುರು ಮಾಡ್ತಾರ."

ಬರ್ಫದಿಂದ ತೆಗೆದು ಬಾನೆಟ್ಟಿನ ಮೇಲೆ ಇಟ್ಟದ್ದು ತಪ್ಪು ಎಂದು ಆಗಲೂ ನನಗೆ ತಿಳಿದಿರಲಿಲ್ಲ. ಒಳ್ಳೆಯದನ್ನೇ ಮಾಡಿದ್ದೇನೆ, ಹೇಳಿದರೆ ಇವರಿಗೆ ತಿಳಿಯುವುದಿಲ್ಲ, ಸುಮ್ಮನೆ ಬೈಸಿಕೊಳ್ಳುವುದು ಯಾಕೆ ಎಂದುಕೊಂಡಿದ್ದೆ.

ಒಂಬತ್ತನೇ ದಿನ ಇರ್ಫಾನ್ ಲ್ಯಾಬಿನ ಬಾಗಿಲಲ್ಲಿ ಯಾರದೋ ರಕ್ತದ ಸೀಸೆಯನ್ನು ಬರ್ಫದಲ್ಲಿ ಇಡುತ್ತಿದ್ದ. ನಾನು ಸುಮ್ಮನೆ ನಿಂತಿದ್ದವನು, "ಅಲ್ಲೋ, ಇದನ್ನ ಬೆಚ್ಚಗ ಇಟ್ರ ಬಣ್ಣ ಛಲೋ ಹಿಡಿಯೂದಿಲ್ಲೇನು?" ಎಂದೆ. ಕೇಳಿದ ಹಾಗೆ ಅಲ್ಲ, ಹೇಳಿಕೊಡುವ ಹಾಗೆ.

ಅವನು ನಕ್ಕ. "ಅಯ್ಯ ಅಣ್ಣಾ, ಅದೇನ್ ನಿಮ್ಮ ಬನಹಟ್ಟಿ ಸೀರಿ ನೂಲೇನ್ರಿ? ಬೇಯಿಸಿದ ತತ್ತಿಯೊಳಗಿಂದ ಮರಿ ಬರತೈತೇನು? ಕಿಣ್ವಾನೂ ಹಂಗ. ಬಿಸಿ ತಾಗಿದ್ರ ಸತ್ತ ಹೋಗತೈತಿ. ಆಮ್ಯಾಲೆ ಕಣದಾಗ ಎಷ್ಟ ಇದ್ರೂ ಬಣ್ಣ ಹತ್ತೂದಿಲ್ಲ. ಮಾರ್ಕು ನೆಲಕ್ಕ ಬೀಳತೈತಿ. ಅದಕ್ಕಽ ಅಲ್ಲೇನ್ರಿ ನಾ ಚೀಟಿ ಬರದುಕೊಟ್ಟಿದ್ದು."

ನಾನು ಹೋಗಿ ದವಾಖಾನೆಯ ಮೆಟ್ಟಿಲ ಮೇಲೆ ಕೂತೆ. ಅಂಗಿಯ ಜೇಬಿನಲ್ಲಿ ಆ ಚೀಟಿ ಇನ್ನೂ ಇತ್ತು. ಒಂದು ಸಲ ತೊಳೆದ ಅಂಗಿ, ಅಕ್ಷರಗಳು ಅರ್ಧ ಕರಗಿದ್ದವು. ಆದರೂ ಓದಲು ಬಂತು. 'ಬಿಸಿ ತಾಗಬಾರದು.' ಮಳೆ ಹನಿಯುತ್ತಿತ್ತು. ಜನ ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದು ಖರೆ. ಮತ್ತೊಮ್ಮೆ ಪರೀಕ್ಷೆ ಮಾಡಿಸಿರಿ ಎಂದಷ್ಟೇ ಹೇಳಬಹುದಿತ್ತು. ಯಾಕೆ ಎಂದರೆ ಏನು ಹೇಳಲಿ? ಹೇಳಿದರೆ, ಸಾಲಿ ಬಿಟ್ಟ ಮಗ ಎಂದ ಅಣ್ಣನ ಮಾತನ್ನು ನಾನೇ ಸಹಿ ಮಾಡಿ ಒಪ್ಪಿಕೊಂಡಂತೆ. ಹೇಳದಿದ್ದರೆ ಅವಳು ಇಲ್ಲದ ರೋಗದ ಔಷಧ ತಿನ್ನುತ್ತಾಳೆ, ಇದ್ದ ರೋಗ ಅವಳನ್ನು ತಿನ್ನುತ್ತದೆ. ಇಷ್ಟು ಸರಳ ಲೆಕ್ಕಕ್ಕೆ ನಾನು ಮೆಟ್ಟಿಲ ಮೇಲೆ ಒಂದು ತಾಸು ಕೂತೆ. ಅದನ್ನು ಬರೆಯಲು ಇಂದಿಗೂ ನಾಚಿಕೆ.

ಆಮೇಲೆ ಎದ್ದು ಹೋಗಿ ಡಾಕ್ಟರ ಮುಂದೆ ನಿಂತೆ. ಕೂರಲು ಹೇಳಿದರು, ಕೂರಲಿಲ್ಲ.

"ಸುಳ್ಳ ಹೇಳೇನ್ರಿ ಸಾಹೇಬ್ರ. ಗಾಜು ಬರ್ಫದಾಗ ಇರಲಿಲ್ಲ. ಬಸ್ಸಿನ ಬಾನೆಟ್ಟಿನ ಮ್ಯಾಲೆ ಇಟ್ಟಿದ್ನಿ. ತಣ್ಣಗಿದ್ರ ಬಣ್ಣ ಹಿಡಿಯೂದಿಲ್ಲ ಅಂತ ನಾನಽ ತಿಳಕೊಂಡೆ."

ಅವರು ಫೈಲನ್ನು ಮತ್ತೆ ಬಿಡಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಮಲ್ಲಪ್ಪಾ, ಆಕೀವು ಒಂಬತ್ತ ದಿನಾ ತಿಂದ್ರಿ ನೀವು" ಎಂದಷ್ಟೇ ಅಂದರು. ನಂತರ ಇರ್ಫಾನನ್ನು ಕರೆದರು.

ಎರಡನೇ ಸಲವೂ ನಾನೇ ಒಯ್ದೆ. ಇರ್ಫಾನ್, "ನಾ ಬರ್ಲೇನ್ರಿ?" ಎಂದ. "ಬ್ಯಾಡ, ಆದ್ರ ಇನ್ನೊಮ್ಮೆ ಎಲ್ಲಾ ಹೇಳಿಕೊಡು" ಎಂದೆ. ಅವನು ಹೇಳಿದ್ದನ್ನು ನಾನು ತಿರುಗಿ ಒಪ್ಪಿಸಿದೆ, ಸಾಲಿಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತೆ. ಅಥಣಿಯಲ್ಲಿ ಇಳಿದು ಹೊಸ ಬರ್ಫ ತುಂಬಿಸಿದೆ, ಕಾಗವಾಡದಲ್ಲಿ ಮತ್ತೆ. ಬೆರಳುಗಳು ಜೋಮು ಹಿಡಿದವು. ಮಿರಜದ ಕಿಟಕಿಯಲ್ಲಿ ಅದೇ ಹೆಂಗಸು ಇದ್ದಳು. ನನಗೆ ಬರುವ ಮುರುಕು ಮರಾಠಿಯಲ್ಲಿ, ಹಿಂದಿನ ಸಲ ತಪ್ಪು ನನ್ನದು, ಬಿಸಿಗೆ ಇಟ್ಟಿದ್ದೆ ಎಂದು ಅವಳಿಗೂ ಹೇಳಿದೆ. ಅವಳು ಥರ್ಮಾಸಿನೊಳಗೆ ಕೈ ಹಾಕಿ, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡು, "ಬಸಾ ಕಾಕಾ" ಎಂದಳು. ಕೂತುಕೊಳ್ಳಿ ಎಂದು. ಸಂಜೆಯವರೆಗೆ ಆ ಬೆಂಚಿನ ಮೇಲೆ ಕೂತೆ. ಅಕ್ಕಪಕ್ಕ ಎಲ್ಲರಿಗೂ ಜೊತೆಗೆ ಯಾರೋ ಇದ್ದರು.

ಸಂಜೆ ಅವಳು ಕಾಗದ ತಂದು, ನನಗೆ ಓದಲು ಬರುತ್ತದೋ ಇಲ್ಲವೋ ಎಂದು ಕೇಳದೆ, ಮಾರ್ಕಿನ ಮೇಲೆ ಬೆರಳಿಟ್ಟು ತೋರಿಸಿದಳು. ಮೂರು ಅಂಕಿಯ ಸಂಖ್ಯೆ. ಬಣ್ಣ ಹಿಡಿದಿತ್ತು.

ಡಾಕ್ಟರು ಕೀವನ್ನು ಹುಡುಕಿದರು. ಸೇರಿಸಿದ ದಿನ ಮಾಡಿದ್ದ ಸ್ಕ್ಯಾನಿನಲ್ಲಿ ಕಾಣದ್ದು ಈಗ ಯಕೃತ್ತಿನ ಹಿಂಭಾಗದಲ್ಲಿ ಸಿಕ್ಕಿತು. ಸೂಜಿ ಹಾಕಿ ತೆಗೆದರು. ಮೂರನೇ ದಿನ ಜ್ವರ ಇಳಿಯಿತು. ಯಲ್ಲವ್ವ ತನ್ನ ಭಂಡಾರದ ಚೀಲದಿಂದ ಒಂದು ಚಿಟಿಕೆ ತೆಗೆದು ಮಹಾದೇವಿಯ ಹಣೆಗೆ ಹಚ್ಚಿಸಿ, ನನಗೂ ಹಚ್ಚಲು ಬಂದಳು. "ಇನ್ನಾರ ಆ ಕಿಟಕಿಗೆ ಸೋಡಚೀಟಿ ಕೊಟ್ಟು ಬಿಟ್ಟಬಿಡೋ ಮಾರಾಯಾ" ಎಂದಳು.

ಗಣಪತಿ ಹಬ್ಬದ ಹೊತ್ತಿಗೆ ಮನೆಗೆ ಬಂದೆವು. ಒಂದು ಮಧ್ಯಾಹ್ನ ಮಹಾದೇವಿ ಗೋಡೆಗೆ ಒರಗಿ ಕೂತು, ಬಹಳ ದಿನದ ಮೇಲೆ ಕಂಡಿಕೆ ಸುತ್ತುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ: ಆರು ಮಾರ್ಕು, ಕ್ಯಾನ್ಸರಿನ ಮಾತು, ಬಾನೆಟ್ಟು, ಸುಳ್ಳು, ಮೆಟ್ಟಿಲು. ಅವಳು ರಾಟಿ ನಿಲ್ಲಿಸಲಿಲ್ಲ.

"ಬಾನೆಟ್ಟಿಂದು ಇರ್ಲಿ ಬಿಡ್ರಿ" ಎಂದಳು ಕೊನೆಗೆ. "ನನ್ನ ಛಲೋದಕ್ಕಽ ಮಾಡಿದ್ರಿ. ಆದ್ರ ಒಂಬತ್ತ ದಿನಾ ನನ್ನ ಮುಖಾ ನೋಡಲಿಲ್ಲ ನೀವು. ನಾ ತಿಳಕೊಂಡೆ, ಇವರಿಗೆ ನಾ ಬ್ಯಾಸರಾದೆ, ಯಾವಾಗ ಸಾಯ್ತಾಳೋ ಅಂತ ಕುಂತಾರ ಅಂತ."

"ಹೇಳಿದ್ರ ನೀ ಅಂಜತಿದ್ದಿ, ಅದಕ್ಕಽ..."

"ಅಂಜತಿದ್ನಿ" ಎಂದಳು. "ಇಬ್ಬರೂ ಕೂಡಿ ಅಂಜತಿದ್ವಿ."

ನೂಲು ಹರಿಯಿತು. ಅವಳು ಎರಡೂ ತುದಿ ಹುಡುಕಿ ಗಂಟು ಹಾಕಿ ಮತ್ತೆ ರಾಟಿ ತಿರುಗಿಸಿದಳು.

ಹದಿನೈದು ದಿನ ಬಿಟ್ಟು ಮತ್ತೆ ರಕ್ತ ತೋರಿಸಲು ಜಮಖಂಡಿಗೆ ಹೋದೆವು. ಇರ್ಫಾನ್ ಕೊಟ್ಟ ಹೊಸ ಕಾಗದ ಡಾಕ್ಟರ ಕೈಯಲ್ಲಿತ್ತು. ಅದರಲ್ಲಿ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ. ಅವರು ಎಂದಿನಂತೆ ನನ್ನ ಕಡೆ ನೋಡಿ, ಹೊರಗೆ ಬನ್ನಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು.

ನಾನು ಏಳಲಿಲ್ಲ.

"ಇಲ್ಲೇ ಹೇಳ್ರಿ ಸಾಹೇಬ್ರ" ಎಂದೆ. "ಏನಽ ಇರ್ಲಿ. ಆಕಿನೂ ಕೇಳ್ಲಿ."

ಡಾಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮಹಾದೇವಿ ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡಳು. ಅವರು ಕಾಗದ ಬಿಡಿಸಿದರು.